ಮೊದಲ ಬೈಕು ಆರಿಸುವ ಮುನ್ನ: ಸಿಸಿ ಆಮೇಲೆ ನೋಡಿ, ತೂಕ ಮೊದಲು ನೋಡಿ

ಮೊದಲ ಬೈಕು ಕೊಳ್ಳಲು ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಚಿಕ್ಕಂದಿನಿಂದ ಆಸೆಪಟ್ಟ ಒಂದು ಸ್ಪೋರ್ಟ್ಸ್ ಬೈಕು. ಸ್ನೇಹಿತ ಹೊಗಳಿದ, ಕಾಲು ಮುಂದೆ ಚಾಚಿ ಕೂರುವ ಒಂದು ಕ್ರೂಸರ್. ವಿಡಿಯೋ ನೋಡಿ ಮನಸ್ಸಿಗೆ ಹತ್ತಿದ, ಕೆಟ್ಟ ರಸ್ತೆಗೂ ಆಗುವ ಒಂದು ಅಡ್ವೆಂಚರ್ ಗಾಡಿ. ಕೊನೆಗೆ, ಮನೆಯವರ ಸಮಾಧಾನಕ್ಕೆ, 125 ಸಿಸಿಯ ಒಂದು ಸಾದಾ ಬೈಕು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಏನು ಹೇಳುವುದು? ಎಲ್ಲವೂ ಒಳ್ಳೆಯವೇ. ಹೆಸರಿರುವ ಕಂಪನಿಗಳು ಈಗ ಮಾಡುವ ಬೈಕುಗಳಲ್ಲಿ ತೀರಾ ಕೆಟ್ಟದ್ದು ಸಿಗುವುದೇ ಕಡಿಮೆ. ಆದರೆ ಹೊಸಬರ ತಪ್ಪನ್ನು ಎಲ್ಲವೂ ಒಂದೇ ರೀತಿ ಸಹಿಸಿಕೊಳ್ಳುವುದಿಲ್ಲ. ಕ್ಲಚ್ ಸ್ವಲ್ಪ ಬೇಗ ಬಿಟ್ಟರೆ ಒಂದು ಗಾಡಿ ಸುಮ್ನೆ ಆಫ್ ಆಗುತ್ತದೆ, ಇನ್ನೊಂದು ಮುಂದಕ್ಕೆ ನೆಗೆಯುತ್ತದೆ. ಹೋಲಿಕೆ ಇಲ್ಲಿಂದ ಶುರುವಾಗಬೇಕು.

ಗೇರ್ ಹಾಕುವುದು ಬೇಗ ಬರುತ್ತದೆ. ಕಷ್ಟದ ಪಾಠಗಳು ಬೇರೆ ಇವೆ. ನಡಿಗೆಯ ವೇಗದಲ್ಲಿ ಗಾಡಿ ವಾಲದಂತೆ ಹಿಡಿಯುವುದು, ಇಕ್ಕಟ್ಟಾದ ಜಾಗದಲ್ಲಿ ತಿರುಗಿಸುವುದು, ಏರಿನಲ್ಲಿ ನಿಂತು ಹಿಂದಕ್ಕೆ ಜಾರದೆ ಮತ್ತೆ ಹೊರಡುವುದು, ಒದ್ದೆ ರಸ್ತೆಯಲ್ಲಿ ಗಾಬರಿಯಾಗದೆ ಬ್ರೇಕ್ ಹಿಡಿಯುವುದು. ಇವೆಲ್ಲ ನಿಧಾನದ ಕೆಲಸಗಳು. ಗಂಟೆಗೆ ನೂರು ಕಿಲೋಮೀಟರ್‌ನಲ್ಲಿ ನೆಟ್ಟಗೆ ಹೋಗುವುದು ಎಷ್ಟೋ ಸುಲಭ, ಆ ವೇಗದಲ್ಲಿ ಗಾಡಿಯೇ ವಾಲದೆ ತನ್ನನ್ನು ತಾನು ನೆಟ್ಟಗೆ ಇಟ್ಟುಕೊಂಡಿರುತ್ತದೆ.

1981ರಲ್ಲಿ ಅಮೆರಿಕದಲ್ಲಿ ಹೊರಬಂದ ಹರ್ಟ್ ವರದಿ ಎಂಬ ಅಧ್ಯಯನ ಇದೆ. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಬರೆದದ್ದು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಆ ನಿರ್ದಿಷ್ಟ ಬೈಕಿನ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಒಟ್ಟಾರೆ ರಸ್ತೆ ಅನುಭವ ಮಾತ್ರ ಸರಾಸರಿ ಮೂರು ವರ್ಷದ ಹತ್ತಿರ ಇತ್ತು. ಅಂದರೆ ಹೊಸಬರಿಗೆ ಮಾತ್ರವಲ್ಲ, ಹಳಬರಿಗೂ ಹೊಸ ಗಾಡಿಯ ಮೊದಲ ತಿಂಗಳುಗಳು ಸುಲಭವಲ್ಲ. ಅದೇ ವರದಿಯ ಇನ್ನೊಂದು ಅಂಕಿ: ಶೇಕಡಾ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ವರದಿ ಹಳೆಯದು ನಿಜ. ಆದರೂ ಮೊದಲ ಆರು ತಿಂಗಳು ನಿಮ್ಮನ್ನು ದಂಡಿಸದ ಗಾಡಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಯಾವುದರಿಂದ ಅಳೆಯಬೇಕು

ಮೊದಲನೆಯದು ತೂಕ. ಪೆಟ್ರೋಲ್, ಆಯಿಲ್ ಎಲ್ಲ ತುಂಬಿದ ತೂಕವನ್ನೇ ಕೇಳಿ. ಕೆಲವು ಕಂಪನಿಗಳು ಪೆಟ್ರೋಲ್ ಬಿಟ್ಟು ತೂಕ ಹೇಳುತ್ತವೆ, ಅದನ್ನು ಇನ್ನೊಂದರ ಪೂರ್ತಿ ತೂಕದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹೊಸಬರಿಗೆ 170 ಕೆ.ಜಿ. ಒಳಗಿದ್ದರೆ ನಿರಾಳ. 200 ದಾಟಿದರೆ ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವುದೇ ಒಂದು ಕೆಲಸ. ಅಂಕಿಯ ಜೊತೆಗೆ ಆ ತೂಕ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಕೆಳಗೆ ಭಾರ ಇರುವ 190 ಕೆ.ಜಿ. ಕ್ರೂಸರ್, ಎತ್ತರದಲ್ಲಿ ದೊಡ್ಡ ಟ್ಯಾಂಕ್ ಇರುವ 180 ಕೆ.ಜಿ. ಅಡ್ವೆಂಚರ್ ಗಾಡಿಗಿಂತ ಹಗುರ ಅನಿಸಬಹುದು.

ಎರಡನೆಯದು ಸೀಟಿನ ಎತ್ತರ. ಕುಳಿತಾಗ ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಬೇಕು, ಅಥವಾ ಒಂದು ಪಾದ ಪೂರ್ತಿ ಊರಬೇಕು. ಬರೀ ಮಿಲಿಮೀಟರ್ ನೋಡಿ ನಿರ್ಧರಿಸಬೇಡಿ. ಅಗಲ ಸೀಟು ತೊಡೆಗಳನ್ನು ಹೊರಕ್ಕೆ ತಳ್ಳುತ್ತದೆ, ಆಗ 790 ಕೂಡ ಎತ್ತರ ಅನಿಸುತ್ತದೆ. ಸೀಟು ಮುಂದೆ ಕಿರಿದಾಗಿದ್ದರೆ 820 ಕೂಡ ನಡೆಯುತ್ತದೆ. ಶಾಕ್ ಅಬ್ಸಾರ್ಬರ್ ಮೆತ್ತಗಿದ್ದರೆ ನೀವು ಕೂತ ಕೂಡಲೇ ಗಾಡಿ ಒಂದಿಷ್ಟು ಕುಗ್ಗುತ್ತದೆ. ಓಡಿಸುವಾಗ ಹಾಕುವ ಶೂನಲ್ಲೇ ಹೋಗಿ ಕೂತು ನೋಡಿ.

ಮೂರನೆಯದು ಶಕ್ತಿ. ಇಲ್ಲಿ ಎಲ್ಲರೂ ಸಿಸಿ ಹಿಡಿದುಕೊಂಡು ಜಗಳವಾಡುತ್ತಾರೆ. ಸಿಸಿ ಒಂದರಿಂದಲೇ ಏನೂ ಗೊತ್ತಾಗುವುದಿಲ್ಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ 349 ಸಿಸಿ, ಕೊಡುವುದು ಸುಮಾರು 20 ಎಚ್‌ಪಿ (ಹಾರ್ಸ್‌ಪವರ್, ಶಕ್ತಿಯ ಅಳತೆ). ಯಮಹಾ ಆರ್3 ಎಂಜಿನ್ 321 ಸಿಸಿ, ಅಂದರೆ ಅದಕ್ಕಿಂತ ಚಿಕ್ಕದು, ಆದರೆ ಕೊಡುವುದು 42 ಎಚ್‌ಪಿ ಆಸುಪಾಸು. ಎರಡು ಪಟ್ಟು! ಹೊಸ ಸವಾರರಿಗೆ ಮಿತಿ ಹಾಕುವ ದೇಶಗಳೂ ಇದನ್ನು ಗಮನಿಸಿವೆ. ಯುರೋಪಿನ ಎ2 ಲೈಸೆನ್ಸ್‌ಗೆ 35 ಕಿಲೋವ್ಯಾಟ್ ಮಿತಿ, ಅಂದರೆ ಸುಮಾರು 47 ಎಚ್‌ಪಿ. ಜೊತೆಗೆ ತೂಕಕ್ಕೆ ತಕ್ಕ ಶಕ್ತಿಯ ಮಿತಿಯೂ ಇದೆ. ಆಸ್ಟ್ರೇಲಿಯಾದ ನಿಯಮ 660 ಸಿಸಿವರೆಗೂ ಬಿಡುತ್ತದೆ, ಆದರೆ ಟನ್‌ಗೆ 150 ಕಿಲೋವ್ಯಾಟ್ ದಾಟಬಾರದು. ನಿಮ್ಮ ಊರಿನಲ್ಲಿ ಇಂಥ ನಿಯಮ ಇಲ್ಲದಿದ್ದರೂ 47 ಎಚ್‌ಪಿ ಎಂಬ ಗಡಿಯನ್ನು ನೀವೇ ಹಾಕಿಕೊಳ್ಳಬಹುದು. ಅದರೊಳಗೆ ಆಯ್ಕೆ ಸಾಕಷ್ಟಿದೆ.

ಎಷ್ಟು ಶಕ್ತಿ ಎನ್ನುವಷ್ಟೇ ಮುಖ್ಯ, ಅದು ಯಾವಾಗ ಬರುತ್ತದೆ ಎನ್ನುವುದು. ಕ್ಲಾಸಿಕ್ 350ರ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 4,000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗಲೇ) ಸಿಗುತ್ತದೆ. ಟ್ರಾಫಿಕ್‌ನಲ್ಲಿ ಪದೇ ಪದೇ ಗೇರ್ ಬದಲಿಸುವ ಕಷ್ಟ ಕಡಿಮೆ. ಮೇಲಿನ ಆರ್‌ಪಿಎಂನಲ್ಲಿ ಎಚ್ಚರವಾಗುವ ಎಂಜಿನ್‌ಗಳು ಕೆಳಗೆ ಸಪ್ಪೆ ಇರುತ್ತವೆ, ಆಮೇಲೆ ಒಮ್ಮೆಲೇ ಎಳೆಯುತ್ತವೆ. ಆ "ಒಮ್ಮೆಲೇ" ಹೊಸಬರಿಗೆ ಬೇಡ.

ಬ್ರೇಕ್ ವಿಷಯದಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಎಬಿಎಸ್ ಬೇಕು. ಗಾಡಿ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. ಗಾಬರಿಯಲ್ಲಿ ಅದನ್ನು ಪೂರ್ತಿ ಹಿಸುಕಿದರೆ ಮುಂದಿನ ಚಕ್ರ ಲಾಕ್ ಆಗುತ್ತದೆ, ಕ್ಷಣದಲ್ಲಿ ಗಾಡಿ ಕೆಳಗೆ. ಎಬಿಎಸ್ ಅಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು ಚಕ್ರ ಉರುಳುವಂತೆ ನೋಡಿಕೊಳ್ಳುತ್ತದೆ. ಸಿಂಗಲ್ ಚಾನೆಲ್ ಎಂದರೆ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಮಾತ್ರ, ಡ್ಯುಯಲ್ ಎಂದರೆ ಎರಡಕ್ಕೂ. ಬಜೆಟ್ ಬಿಗಿಯಿದ್ದರೆ ಸಿಂಗಲ್ ಆದರೂ ಇರಲಿ. ಅಲಾಯ್ ಚಕ್ರ, ಬಣ್ಣದ ಡಿಸ್‌ಪ್ಲೇ, ಬ್ಲೂಟೂತ್ ಬಿಟ್ಟು ಇದಕ್ಕೆ ದುಡ್ಡು ಹಾಕಿ.

ಉಳಿದದ್ದು ಖರ್ಚು. ಗಾಡಿಯ ಬೆಲೆ ಒಂದೇ ಅಲ್ಲವಲ್ಲ. ವಿಮೆ, ಟೈರ್, ಸರ್ವಿಸ್, ಬಿದ್ದಾಗ ಮುರಿಯುವ ಭಾಗಗಳು. ಹೊಸಬರ ಗಾಡಿ ಒಮ್ಮೆಯಾದರೂ ನಿಂತಲ್ಲೇ ಬೀಳುತ್ತದೆ ಎಂದೇ ಲೆಕ್ಕ ಹಾಕಿ. ಆಗ ಬರೀ ಲಿವರ್, ಇಂಡಿಕೇಟರ್, ಕನ್ನಡಿ ಹೋಗುವ ಗಾಡಿಗೂ, ಇಡೀ ಪಕ್ಕದ ಫೇರಿಂಗ್ (ಗಾಡಿಯ ಪ್ಲಾಸ್ಟಿಕ್ ಹೊದಿಕೆ) ಒಡೆಯುವ ಗಾಡಿಗೂ ಬಿಲ್‌ನಲ್ಲಿ ಬಹಳ ವ್ಯತ್ಯಾಸ.

100ರಿಂದ 160 ಸಿಸಿಯ ಸಾದಾ ಬೈಕು

ಮನೆಯವರು ಹೇಳಿದ ಗಾಡಿ ಇದು. ಅವರ ಮಾತಿನಲ್ಲಿ ಹುರುಳಿದೆ. 110ರಿಂದ 145 ಕೆ.ಜಿ. ತೂಕ. ವಾಲಿದರೆ ಕಾಲಲ್ಲೇ ತಡೆಯಬಹುದು. ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಟೈರ್ ಅಗ್ಗ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸುತ್ತಾನೆ. ಮಾರುವಾಗ ಬೆಲೆ ಹೆಚ್ಚು ಇಳಿಯುವುದಿಲ್ಲ.

ಕೊರತೆ ಹೆದ್ದಾರಿಯಲ್ಲಿ ಕಾಣುತ್ತದೆ. ಎಂಬತ್ತು ದಾಟಿದ ಮೇಲೆ ಓವರ್‌ಟೇಕ್ ಮಾಡಲು ಶಕ್ತಿ ಉಳಿದಿರುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಗಾಳಿಗೆ ಅಲುಗುತ್ತದೆ. ದಿನಾ ಊರೊಳಗೆ ಓಡಾಟ, ದುಡ್ಡು ಕಡಿಮೆ, ಬೈಕಿನ ಹುಚ್ಚು ಎಷ್ಟು ದಿನ ಇರುತ್ತದೋ ತಮಗೇ ಗೊತ್ತಿಲ್ಲ ಅನ್ನುವವರಿಗೆ ಇದೇ ಸರಿ. "ಆರು ತಿಂಗಳಲ್ಲಿ ಬೇಜಾರಾಗುತ್ತೆ" ಎಂದು ಸ್ನೇಹಿತರು ಹೆದರಿಸುತ್ತಾರೆ. ಆಗಲಿ ಬಿಡಿ. ಬೇಜಾರಾಗುವಷ್ಟು ಸಲೀಸಾಗಿ ಓಡಿಸುವುದು ಬಂತು ಎಂದರೆ ಗಾಡಿ ತನ್ನ ಕೆಲಸ ಮಾಡಿದೆ.

250ರಿಂದ 400 ಸಿಸಿಯ ನೇಕೆಡ್ ಬೈಕು

ಒಂದೇ ಗಾಡಿಯಲ್ಲಿ ಕಲಿಯಬೇಕು, ಊರೊಳಗೂ ಓಡಿಸಬೇಕು, ಹೆದ್ದಾರಿಗೂ ಹೋಗಬೇಕು ಎನ್ನುವವರಲ್ಲಿ ಬಹಳಷ್ಟು ಜನಕ್ಕೆ ನಾನು ತೋರಿಸುವುದು ಈ ಬಗೆಯನ್ನು. ಹ್ಯಾಂಡಲ್ ಅಗಲ, ಬೆನ್ನು ನೇರ, ಸುತ್ತ ಪ್ಲಾಸ್ಟಿಕ್ ಕಡಿಮೆ. ತಲೆ ಎತ್ತಿ ಕೂರುವುದರಿಂದ ರಸ್ತೆ ದೂರದವರೆಗೆ ಕಾಣುತ್ತದೆ. ಹಿಂದೆ ತಿರುಗಿ ನೋಡುವುದೂ ಸುಲಭ. ಬಿದ್ದರೆ ಹಾನಿ ಕಡಿಮೆ.

ಆದರೆ ಈ ಗುಂಪಿನೊಳಗೇ ಸ್ವಭಾವ ಬೇರೆ ಬೇರೆ. ಟ್ರಯಂಫ್ ಸ್ಪೀಡ್ 400 ಮತ್ತು ಕೆಟಿಎಂ 390 ಡ್ಯೂಕ್ ಎರಡೂ 398 ಸಿಸಿ ಆಸುಪಾಸು, ಒಂದೇ ಸಿಲಿಂಡರ್. ಟ್ರಯಂಫ್ ಸುಮಾರು 40 ಎಚ್‌ಪಿ, ಡ್ಯೂಕ್ 44ರ ಹತ್ತಿರ. ಕಾಗದದಲ್ಲಿ ಅಣ್ಣ ತಮ್ಮ. ಓಡಿಸಿದಾಗ ಟ್ರಯಂಫ್ ನಿಧಾನಕ್ಕೆ ಹೋಗಲು ಒಪ್ಪುತ್ತದೆ. ಡ್ಯೂಕ್ ಸದಾ ತವಕದಲ್ಲಿರುತ್ತದೆ, ಕೈ ಸ್ವಲ್ಪ ತಿರುಗಿದರೂ ಉತ್ತರ ಕೊಡುತ್ತದೆ. ಮೊದಲೇ ಸಣ್ಣ ಬೈಕು ಓಡಿಸಿ ಬಂದವರಿಗೆ ಡ್ಯೂಕ್ ಖುಷಿ ಕೊಡುತ್ತದೆ. ಸೊನ್ನೆಯಿಂದ ಶುರು ಮಾಡುವವರಿಗೆ ಟ್ರಯಂಫೇ ವಾಸಿ.

ಈ ಬಗೆಯ ಕಷ್ಟ ಒಂದೇ, ಗಾಳಿ. ನೂರರ ಮೇಲೆ ಎದೆಗೆ ಬಡಿಯುವ ಗಾಳಿಯಲ್ಲಿ ಗಂಟೆಗಟ್ಟಲೆ ಹೋದರೆ ಕುತ್ತಿಗೆ, ಭುಜ ಸೋಲುತ್ತವೆ. ಸಣ್ಣ ವಿಂಡ್‌ಸ್ಕ್ರೀನ್ ಹಾಕಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ.

ರೆಟ್ರೊ ಮತ್ತು ಕ್ರೂಸರ್

ಹಳೆಯ ಕಾಲದ ಬೈಕಿನಂತೆ ಕಾಣುವ ರೆಟ್ರೊವನ್ನೂ ಕ್ರೂಸರನ್ನೂ ಒಟ್ಟಿಗೆ ಸೇರಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಕೊಳ್ಳುವವರ ಮನಸ್ಸು ಒಂದೇ: ಅವಸರವಿಲ್ಲದೆ, ನೋಡುವವರು ತಿರುಗಿ ನೋಡುವ ಹಾಗೆ ಹೋಗಬೇಕು.

ಹೋಂಡಾ ರೆಬೆಲ್ 300 ಸೀಟು ಬರೀ 690 ಮಿ.ಮೀ. ಎತ್ತರ. ಕುಳ್ಳಗಿರುವವರಿಗೆ, ಕಾಲು ನೆಲಕ್ಕೆ ಎಟುಕದೆ ಹೆದರಿದವರಿಗೆ ಇದು ದೊಡ್ಡ ಧೈರ್ಯ. ತೂಕವೂ 170 ಕೆ.ಜಿ. ಆಸುಪಾಸು. ಅದೇ ಎತ್ತರದ ರೆಬೆಲ್ 500ಗೆ ಎರಡು ಸಿಲಿಂಡರ್, ತೂಕ 190ರ ಹತ್ತಿರ. ಹೆದ್ದಾರಿ ಹೆಚ್ಚಿದ್ದರೆ ಅದು. ಕ್ಲಾಸಿಕ್ 350 195 ಕೆ.ಜಿ. ತೂಗುತ್ತದೆ, ಸೀಟು 805. ಎಂಜಿನ್ ಸಾಧು, ಗಾಡಿ ಭಾರ. ಓಡುವಾಗ ಆ ಭಾರ ಗೊತ್ತಾಗುವುದಿಲ್ಲ, ಮಣ್ಣಿನಲ್ಲಿ ತಿರುಗಿಸುವಾಗ ಗೊತ್ತಾಗುತ್ತದೆ. ಅದೇ ಎಂಜಿನ್ ಬೇಕು, ಭಾರ ಬೇಡ ಎಂದರೆ ಹಂಟರ್ 350 ಇದೆ, 181 ಕೆ.ಜಿ.

ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವುದು ನೋಡಲು ಆರಾಮ. ಗುಂಡಿ ಬಂದಾಗ ಮಾತ್ರ ಪೆಟ್ಟೆಲ್ಲ ನೇರ ಬೆನ್ನುಮೂಳೆಗೆ. ಕಾಲಿನ ಮೇಲೆ ಭಾರ ಹಾಕಿ ಏಳಲು ಆಗುವುದಿಲ್ಲ. ಸೊಂಟ ನೋವು ಇರುವವರು ಶೋರೂಮಿನಲ್ಲಿ ಐದು ನಿಮಿಷ ಕೂತು ತೀರ್ಮಾನಿಸಬೇಡಿ. ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ.

ಫೇರಿಂಗ್ ಇರುವ ಸ್ಪೋರ್ಟ್ಸ್ ಬೈಕು

ನೋಡಲು ಒಂದೇ ಥರ ಕಾಣುವ ಎರಡು ಬೈಕುಗಳ ನಡುವಿನ ಅಂತರ ಇಲ್ಲಿರುವಷ್ಟು ಬೇರೆಲ್ಲೂ ಇಲ್ಲ. ಯಮಹಾ ಆರ್3, ಯಮಹಾ ಆರ್6. ಹೆಸರಿನಲ್ಲಿ ಒಂದೇ ಅಂಕಿ ಬದಲು. ಮೊದಲನೆಯದು ಸುಮಾರು 42 ಎಚ್‌ಪಿ. ಎರಡನೆಯದು 115ಕ್ಕೂ ಜಾಸ್ತಿ, ಅದೂ 14,000 ಆರ್‌ಪಿಎಂ ದಾಟಿದ ಮೇಲೆ, ರೇಸ್ ಟ್ರ್ಯಾಕ್ ಮನಸ್ಸಿನಲ್ಲಿಟ್ಟು ಮಾಡಿದ ಎಂಜಿನ್. ತೂಕದ ವ್ಯತ್ಯಾಸ ಇಪ್ಪತ್ತು ಕೆ.ಜಿ. ಆಸುಪಾಸು ಅಷ್ಟೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ 600 ಸಿಸಿ ಸ್ಪೋರ್ಟ್ಸ್ ಬೈಕುಗಳು ಕೆಲವೊಮ್ಮೆ ಹೊಸ 300ರ ಬೆಲೆಗೇ ಸಿಗುತ್ತವೆ. "ಜೋಪಾನವಾಗಿ ಓಡಿಸ್ತೀನಿ" ಎಂದುಕೊಂಡು ಅದನ್ನು ಮೊದಲ ಬೈಕಾಗಿ ತರಬೇಡಿ. ಗುಂಡಿಗೆ ಚಕ್ರ ಇಳಿದಾಗ ಕೈ ತಾನಾಗಿಯೇ ಥ್ರಾಟಲ್ ತಿರುಗಿಸಿಬಿಡುತ್ತದೆ, ಅಲ್ಲಿ ಜೋಪಾನ ಕೆಲಸಕ್ಕೆ ಬರುವುದಿಲ್ಲ.

ಆರ್3, ಕವಾಸಾಕಿ ನಿಂಜಾ 400 ಥರದವು ಬೇರೆ ಮಾತು. ಎರಡು ಸಿಲಿಂಡರ್, 170 ಕೆ.ಜಿ. ಆಸುಪಾಸು, ಸೀಟು 780ರಿಂದ 785. ಹ್ಯಾಂಡಲ್ ತೀರಾ ಕೆಳಗಿಲ್ಲ, ಎಂಜಿನ್ ನಯ. ಹೆದ್ದಾರಿಯಲ್ಲಿ ನೇಕೆಡ್‌ಗಿಂತ ಇವೇ ಆರಾಮ, ಗಾಳಿಯನ್ನು ಫೇರಿಂಗ್ ತಡೆಯುತ್ತದೆ. ಆದರೆ ಬಿದ್ದರೆ ಖರ್ಚು ಹೆಚ್ಚು. ಸರ್ವಿಸ್‌ಗೂ ಮೊದಲು ಪ್ಲಾಸ್ಟಿಕ್ ಬಿಚ್ಚಬೇಕು, ಅದರ ಕೂಲಿ ಬೇರೆ. ಹಿಂದಿನ ಸೀಟು ಹೆಸರಿಗೆ ಮಾತ್ರ. ಜೊತೆಗಾರರನ್ನು ದಿನಾ ಕೂರಿಸಿಕೊಂಡು ಹೋಗುವವರು ಅವರನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ. ಅಭಿಪ್ರಾಯ ಅಲ್ಲೇ ಹೊರಬರುತ್ತದೆ.

ಅಡ್ವೆಂಚರ್ ಮತ್ತು ಡ್ಯುಯಲ್ ಸ್ಪೋರ್ಟ್

ಕೆಟ್ಟ ರಸ್ತೆ ಜಾಸ್ತಿ ಇರುವವರಿಗೆ ಇವು ಹೇಳಿ ಮಾಡಿಸಿದಂತಿವೆ. ಆದರೆ ಎತ್ತರ! ಡ್ಯುಯಲ್ ಸ್ಪೋರ್ಟ್ (ಮಣ್ಣಿಗೂ ಡಾಂಬರಿಗೂ ಆಗುವ ಹಗುರ ಬೈಕು) ಬಗೆಯ ಹೋಂಡಾ ಸಿಆರ್‌ಎಫ್300ಎಲ್ ಸೀಟು 880 ಮಿ.ಮೀ. ತೂಕ 142 ಕೆ.ಜಿ. ಮಾತ್ರ, ಶಾಕ್ ಮೆತ್ತಗೆ, ಕೂತರೆ ಚೆನ್ನಾಗಿ ಇಳಿಯುತ್ತದೆ. ಮಣ್ಣಿನಲ್ಲಿ ಕಲಿತರೆ ಚಕ್ರ ಜಾರುವುದಕ್ಕೆ ಹೆದರಿಕೆ ಹೋಗುತ್ತದೆ, ಅದು ಮುಂದೆ ಡಾಂಬರಿನ ಮೇಲೂ ಉಪಯೋಗಕ್ಕೆ ಬರುತ್ತದೆ. ಹೆದ್ದಾರಿಯಲ್ಲಿ ದಿನವಿಡೀ ಹೋಗಲು ಮಾತ್ರ ಅದು ಬೇಡ, ಸೀಟು ಕಿರಿದು.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಇನ್ನೊಂದು ತುದಿ. 40 ಎಚ್‌ಪಿ, 196 ಕೆ.ಜಿ., ಸೀಟನ್ನು 825ರಿಂದ 845ರ ನಡುವೆ ಬದಲಿಸಬಹುದು. ಊರು ಬಿಟ್ಟು ಊರಿಗೆ ಸಾಮಾನು ಹೇರಿಕೊಂಡು ಹೋಗಲು ಒಳ್ಳೆಯ ಗಾಡಿ. ನೀವು ಎತ್ತರವಿದ್ದು, ಮೈಯಲ್ಲಿ ಶಕ್ತಿಯಿದ್ದರೆ ಮೊದಲ ಬೈಕಾಗಿಯೂ ನಡೆದೀತು. ಇಲ್ಲದಿದ್ದರೆ ಎರಡನೆಯದಾಗಿ ಇರಲಿ. ಮಣ್ಣಿನ ದಾರಿಯಲ್ಲಿ ಒಬ್ಬರೇ ಇದ್ದಾಗ ಬಿದ್ದ 196 ಕೆ.ಜಿ.ಯನ್ನು ಎತ್ತಬಲ್ಲಿರಾ ಎಂಬುದೇ ಪರೀಕ್ಷೆ.

ಎಲೆಕ್ಟ್ರಿಕ್ ಬಗ್ಗೆ ಎರಡು ಮಾತು. ಬಹುತೇಕ ಇವುಗಳಲ್ಲಿ ಕ್ಲಚ್ಚೂ ಇಲ್ಲ, ಗೇರೂ ಇಲ್ಲ, ಆಫ್ ಆಗುವ ಭಯವೂ ಇಲ್ಲ. ಕಲಿಯಲು ಸುಲಭ. ಆದರೆ ಟಾರ್ಕ್ ನಿಂತಲ್ಲಿಂದಲೇ ಬರುತ್ತದೆ, ಮೊದಲ ವಾರಗಳು ಕಡಿಮೆ ಶಕ್ತಿಯ ಮೋಡ್‌ನಲ್ಲೇ ಓಡಿಸಿ. ಮನೆಯಲ್ಲಿ ಚಾರ್ಜಿಂಗ್ ಇದ್ದು ದಿನದ ಓಟ ಗೊತ್ತಿದ್ದರೆ ಯೋಚಿಸಿ. ಮುಂದೆ ಪೆಟ್ರೋಲ್ ಬೈಕಿಗೆ ಬದಲಾದರೆ ಕ್ಲಚ್ ಪಾಠ ಮೊದಲಿನಿಂದ ಕಲಿಯಬೇಕು, ಅಷ್ಟೇ.

ಹೊಸದೋ, ಹಳೆಯದೋ?

ಹೇಗೂ ಒಮ್ಮೆ ಬೀಳುವ ಗಾಡಿಗೆ ಹೊಸ ಬಣ್ಣ ಏಕೆ ಎಂಬುದು ಹಳೆಯದರ ಪರವಾಗಿರುವ ಗಟ್ಟಿ ಮಾತು. ಬೆಲೆ ಇಳಿಯುವ ಮೊದಲ ಹೊಡೆತವನ್ನು ಬೇರೆಯವರು ತಿಂದಿರುತ್ತಾರೆ. ಎರಡು ವರ್ಷ ಓಡಿಸಿ ಮಾರಿದರೆ ನಷ್ಟ ಕಡಿಮೆ. ಹೊಸದರ ಪರವಾಗಿರುವ ಮಾತು ವಾರಂಟಿ ಮತ್ತು ನಿಶ್ಚಿಂತೆ. ಗಾಡಿ ಶಬ್ದ ಮಾಡಿದರೆ ಅದು ಸಹಜವೋ ತೊಂದರೆಯೋ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಬೈಕು ಬಲ್ಲ ಒಬ್ಬರು ಜೊತೆಗೆ ಬರುವುದಾದರೆ ಹಳೆಯದು ತನ್ನಿ. ಯಾರೂ ಇಲ್ಲದಿದ್ದರೆ ಚಿಕ್ಕದಾದರೂ ಹೊಸದು ತನ್ನಿ.

ಹಳೆಯದನ್ನು ನೋಡಲು ಹೋದಾಗ ಎಂಜಿನ್ ಮೇಲೆ ಕೈ ಹತ್ತಿರ ಹಿಡಿದು ನೋಡಿ. ತಣ್ಣಗಿರಬೇಕು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರು ಇರಬಹುದು. ಹ್ಯಾಂಡಲ್ ತುದಿ, ಲಿವರ್ ತುದಿ, ಫುಟ್‌ರೆಸ್ಟ್ ತುದಿ ಉಜ್ಜಿಹೋಗಿದ್ದರೆ ಗಾಡಿ ಬಿದ್ದಿದೆ. ಬಿದ್ದದ್ದು ದೊಡ್ಡ ಅಪರಾಧವಲ್ಲ, ಮುಚ್ಚಿಟ್ಟರೆ ಅನುಮಾನಪಡಿ. ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕೊಳವೆಗಳು) ಮೇಲೆ ಎಣ್ಣೆ ಜಿನುಗಿದೆಯೇ, ಚೈನ್ ತುಕ್ಕು ಹಿಡಿದಿದೆಯೇ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಚೂಪಾಗಿ ಒಂದು ಕಡೆಗೆ ಬಾಗಿದೆಯೇ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಆಳವಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಹಿಡಿತ ಇರುವುದಿಲ್ಲ, ಎರಡು ಹೊಸ ಟೈರಿನ ದುಡ್ಡನ್ನು ಬೆಲೆಯಿಂದ ಕಳೆಯಿರಿ. ಚಾಸಿ ನಂಬರ್, ಎಂಜಿನ್ ನಂಬರ್ ದಾಖಲೆಗೆ ಹೊಂದದಿದ್ದರೆ ಎಷ್ಟೇ ಅಗ್ಗವಿದ್ದರೂ ವಾಪಸ್ ಬನ್ನಿ.

ದುಡ್ಡು ಹಂಚುವ ಬಗೆ

ಕೈಯಲ್ಲಿರುವ ಎಲ್ಲ ದುಡ್ಡನ್ನೂ ಗಾಡಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಹೆಲ್ಮೆಟ್, ಜಾಕೆಟ್, ಗ್ಲೌಸ್, ಕಣಕಾಲು ಮುಚ್ಚುವ ಬೂಟು ಮತ್ತು ಒಂದು ತರಬೇತಿಗೆ ಇರಲಿ. ಅದಕ್ಕಾಗಿ ಒಂದು ಮಾಡೆಲ್ ಕೆಳಗಿಳಿಯಬೇಕಾದರೆ ಇಳಿಯಿರಿ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದು, ಹೊಸದೇ ಆಗಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್‌ನ ಒಳಗಿನ ಫೋಮ್ ಕುಗ್ಗಿ ಹೋಗಿರುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಬೀಳುವಾಗ ಎಲ್ಲರೂ ಮೊದಲು ಊರುವುದು ಅಂಗೈ, ಹಾಗಾಗಿ ಗ್ಲೌಸ್ ಕೂಡ ಬಿಡಬೇಡಿ.

ಟೆಸ್ಟ್ ರೈಡ್

ಪಟ್ಟಿ ಎರಡು ಮೂರಕ್ಕೆ ಇಳಿದ ಮೇಲೆ ಓಡಿಸಿ ನೋಡಿ, ಜೋರಾಗಿ ಅಲ್ಲ. ಮೊದಲು ಎಂಜಿನ್ ಆಫ್ ಮಾಡಿ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ. ಸೈಡ್ ಸ್ಟ್ಯಾಂಡ್‌ನಿಂದ ಎತ್ತಿ ನಿಲ್ಲಿಸಿ. ಖಾಲಿ ಜಾಗದಲ್ಲಿ ಮೊದಲ ಗೇರ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಎಂಟರ ಆಕಾರ ಸುತ್ತಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೈ ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆಯೇ? ಕ್ಲಚ್ ಹಿಡಿದು ಹಿಡಿದು ಬೆರಳು ನೋಯುತ್ತದೆಯೇ? ಥ್ರಾಟಲ್ ಮುಚ್ಚಿ ಮತ್ತೆ ತೆರೆದಾಗ ಗಾಡಿ ಜರ್ಕ್ ಹೊಡೆಯುತ್ತದೆಯೇ? ಆಮೇಲೆ ನಲವತ್ತರ ವೇಗದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸಿ. ಎಷ್ಟು ಬೇಗ ಓಡುತ್ತದೆ ಎಂದು ನೋಡಲು ಮುಂದೆ ಬೇಕಾದಷ್ಟು ದಿನಗಳಿವೆ.

ಇಷ್ಟಾದ ಮೇಲೂ ಎರಡು ಗಾಡಿ ಸಮ ಸಮ ಉಳಿದರೆ ಹಗುರಾದದ್ದನ್ನು ತಗೊಳ್ಳಿ. ತೂಕವೂ ಒಂದೇ ಆದರೆ, ಸರ್ವಿಸ್ ಸೆಂಟರ್ ಹತ್ತಿರ ಇರುವುದನ್ನು. ಅದೂ ಒಂದೇ ಆದರೆ ನಿಮಗೆ ಇಷ್ಟವಾದ ಬಣ್ಣ ಯಾವುದರಲ್ಲಿದೆಯೋ ಅದು, ಅದರಲ್ಲಿ ತಪ್ಪೇನೂ ಇಲ್ಲ.